ತಕ್ಷಣದ ಕಾರಣ, ಮೂಲ ಕಾರಣ

2008ರ ಆಗಸ್ಟ್ 12, ಮಂಗಳವಾರ. ಹಿಂದಿನ ದಿನವಷ್ಟೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದಿದ್ದರು. ಸ್ವಾತಂತ್ರ್ಯೋತ್ಸವದ ಕವಾಯತು ಮುಗಿಸಿ ಬೆವರೊರೆಸಿಕೊಳ್ಳುತ್ತ ತರಗತಿಗೆ ಬಂದ ಮಕ್ಕಳ ಬಾಯಲ್ಲಿ ಅದೊಂದೇ ಮಾತು. ಪಾಠಕ್ಕೆ ಮೊದಲು ಐದು ನಿಮಿಷ ವೃತ್ತಪತ್ರಿಕೆ ಓದಿಸುವ ನನ್ನ ವಾಡಿಕೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ಪತ್ರಿಕೆಯಲ್ಲಿ ಬಿಂದ್ರಾ ಅವರ ಚಿತ್ರದೊಡನೆ ರಷ್ಯಾ ಮತ್ತು ಜಾರ್ಜಿಯಾ ನಡುವಣ ಯುದ್ಧದ ಸುದ್ದಿಯೂ ಇತ್ತು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು, "ಸಾರ್, ಮೊದಲು ಶುರು ಮಾಡಿದ್ದು ಯಾರು?" ಎಂದು ಕೇಳಿದಳು.

"ರಷ್ಯಾ. ದೊಡ್ಡ ದೇಶ ಚಿಕ್ಕ ದೇಶದ ಮೇಲೆ ಬಿದ್ದಿದೆ" ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಪಾಠಕ್ಕೆ ಹೊರಳಿದೆ. ಅಂದಿನ ಪಾಠ ಮೊದಲನೆಯ ಮಹಾಯುದ್ಧದ ಕಾರಣಗಳು! ಸರಾಯೆವೊದ ಕೊಲೆ ತಕ್ಷಣದ ಕಾರಣ, ಅದರ ಹಿಂದಿದ್ದ ಗುಂಪುಗಾರಿಕೆ, ಶಸ್ತ್ರಪೈಪೋಟಿಗಳು ಮೂಲ ಕಾರಣ ಎಂದು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದೆ. ಎರಡು ನಿಮಿಷದ ಹಿಂದೆ ನಾನೇ ಆ ಗೆರೆಯನ್ನು ಮರೆತಿದ್ದೆನೆಂಬ ಅರಿವು ಆಗ ಮೂಡಲಿಲ್ಲ.

ಜಾರ್ಜಿಯಾ ಕಾಕಸಸ್ ಪರ್ವತಗಳ ದಕ್ಷಿಣದ ಮಗ್ಗುಲಲ್ಲಿರುವ ಸಣ್ಣ ದೇಶ. ಸ್ಟಾಲಿನ್ ಹುಟ್ಟಿದ ಗೋರಿ ಪಟ್ಟಣವಿರುವುದು ಅಲ್ಲಿಯೇ. ಗೋರಿಯ ಉತ್ತರಕ್ಕೆ ದಕ್ಷಿಣ ಒಸ್ಸೆಟಿಯಾ. ಒಸ್ಸೆಟಿಯನ್ನರ ನುಡಿ ಇರಾನಿ ಬಳಗಕ್ಕೆ ಸೇರಿದುದು. ಜಾರ್ಜಿಯನ್ನರದು ಬೇರೆಯೇ ಕುಲದ ಭಾಷೆ. ಆದರೂ ಎರಡೂ ಜನಾಂಗದವರ ಹಳ್ಳಿಗಳು ಒಂದೇ ಕಣಿವೆಯಲ್ಲಿ ಹೆಣೆದುಕೊಂಡಿದ್ದವು. 1922ರಲ್ಲಿ ಸೋವಿಯತ್ ಆಡಳಿತ ಈ ಪ್ರದೇಶಕ್ಕೆ ಸ್ವಾಯತ್ತತೆ ನೀಡಿತು. ಸೋವಿಯತ್ ಒಕ್ಕೂಟ ಕುಸಿಯತೊಡಗಿದಾಗ, 1990ರಲ್ಲಿ, ಒಸ್ಸೆಟಿಯನ್ನರು ತಮ್ಮದೇ ಗಣರಾಜ್ಯವನ್ನು ಘೋಷಿಸಿದರು. ಅದೇ ಡಿಸೆಂಬರಿನಲ್ಲಿ ಜಾರ್ಜಿಯಾದ ಶಾಸನಸಭೆ ಅವರ ಸ್ವಾಯತ್ತತೆಯನ್ನೇ ರದ್ದುಗೊಳಿಸಿತು. ಯುದ್ಧ ನಡೆಯಿತು. 1992ರ ಜೂನ್‌ನಲ್ಲಿ ಕದನವಿರಾಮವಾಗಿ, ರಷ್ಯನ್, ಜಾರ್ಜಿಯನ್ ಮತ್ತು ಒಸ್ಸೆಟಿಯನ್ ಸೈನಿಕರ ಜಂಟಿ ಶಾಂತಿಪಾಲನಾ ಪಡೆ ಅಲ್ಲಿ ನಿಂತಿತು. ವ್ಯಾಜ್ಯದಲ್ಲಿ ಪಾಲಿದ್ದವರೇ ಪಂಚಾಯಿತಿಗೆ ಕುಳಿತಂತಾಯಿತು.

ಮುಂದಿನ ವರ್ಷಗಳಲ್ಲಿ ಕಟ್ಟಿಗೆ ಒಟ್ಟುವ ಕೆಲಸ ಎಲ್ಲ ಕಡೆಯಿಂದಲೂ ನಡೆಯಿತು. 2002ರಿಂದ ರಷ್ಯಾ ಆ ಪ್ರದೇಶದ ಜನರಿಗೆ ಸಾಮೂಹಿಕವಾಗಿ ತನ್ನ ಪಾಸ್‌ಪೋರ್ಟ್ ಹಂಚಿತು; ಬೇರೊಂದು ದೇಶದ ನೆಲದಲ್ಲಿ 'ತನ್ನ ಪ್ರಜೆ'ಗಳನ್ನು ಸೃಷ್ಟಿಸಿಕೊಂಡಿತು. 2004ರಲ್ಲಿ ಜಾರ್ಜಿಯಾದ ಅಧ್ಯಕ್ಷರಾದ ಮಿಖೇಲ್ ಸಾಕಾಶ್ವಿಲಿ, ಕೈತಪ್ಪಿದ ಪ್ರಾಂತ್ಯಗಳನ್ನು ಮರಳಿ ಸೇರಿಸುವ ಪಣ ತೊಟ್ಟು ಸೈನ್ಯಕ್ಕೆ ಹಣ ಸುರಿದರು. 2008ರ ಫೆಬ್ರವರಿಯಲ್ಲಿ ಕೊಸೊವೊ ಸ್ವಾತಂತ್ರ್ಯ ಸಾರಿತು. ರಷ್ಯಾದ ವಿರೋಧವನ್ನು ಲೆಕ್ಕಿಸದೆ ಪಾಶ್ಚಾತ್ಯ ದೇಶಗಳು ಅದಕ್ಕೆ ಮನ್ನಣೆ ನೀಡಿದವು. ಏಪ್ರಿಲ್‌ನಲ್ಲಿ ಬುಖಾರೆಸ್ಟ್ ಸಮಾವೇಶದಲ್ಲಿ ನ್ಯಾಟೋ ಕೂಟವು ಜಾರ್ಜಿಯಾ ಮತ್ತು ಉಕ್ರೇನ್ ಮುಂದೊಂದು ದಿನ ಸದಸ್ಯರಾಗುವುವೆಂದು ಘೋಷಿಸಿತು, ಆದರೆ ದಿನಾಂಕವನ್ನೂ ಕೊಡಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ. ಜುಲೈನಲ್ಲಿ ರಷ್ಯಾ ಗಡಿಯಾಚೆ ಭಾರಿ ಸಮರಾಭ್ಯಾಸ ನಡೆಸಿತು. ಆಗಸ್ಟ್ ಆರಂಭದಲ್ಲಿ ಹಳ್ಳಿ ಹಳ್ಳಿಗಳ ನಡುವೆ ಗುಂಡು ಹಾರತೊಡಗಿತು. 7ರ ಸಂಜೆ ಸಾಕಾಶ್ವಿಲಿ ಏಕಪಕ್ಷೀಯ ಕದನವಿರಾಮ ಸಾರಿದರು. ಅದೇ ಮಧ್ಯರಾತ್ರಿಯ ಹೊತ್ತಿಗೆ ಜಾರ್ಜಿಯಾದ ಫಿರಂಗಿಗಳು ತ್ಸ್ಖಿನ್ವಾಲಿ ಪಟ್ಟಣದ ಮೇಲೆ ಬೆಂಕಿಯುಗುಳಿದವು. ರಷ್ಯಾದ ಸೇನೆ ರೋಕಿ ಸುರಂಗದ ಮೂಲಕ ಇಳಿದುಬಂದು ಐದೇ ದಿನಗಳಲ್ಲಿ ಜಾರ್ಜಿಯಾದ ಒಳನಾಡನ್ನು ಹೊಕ್ಕಿತು. ನಾನು ತರಗತಿಯಲ್ಲಿ ನಿಂತು ಉತ್ತರ ಹೇಳಿದ ದಿನವೇ ಫ್ರಾನ್ಸಿನ ಅಧ್ಯಕ್ಷ ಸಾರ್ಕೋಜಿ ಮಧ್ಯಸ್ಥಿಕೆಯಿಂದ ಆರು ಅಂಶಗಳ ಒಪ್ಪಂದಕ್ಕೆ ಬಂದರು.

'ಮೊದಲು ಯಾರು?' ಎಂಬ ಪ್ರಶ್ನೆಯನ್ನು ವಿಚಾರಿಸಲು ಯೂರೋಪಿಯನ್ ಒಕ್ಕೂಟವು ಸ್ವಿಟ್ಜರ್ಲೆಂಡಿನ ರಾಜತಂತ್ರಜ್ಞೆ ಹೈಡಿ ತಾಲ್ಯಾವಿನಿ ಅವರ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿತು. 2009ರ ಸೆಪ್ಟೆಂಬರ್ 30ರಂದು ಮೂರು ಸಂಪುಟಗಳ ವರದಿ ಹೊರಬಿತ್ತು. ಅದು ಒಂದು ಪ್ರಶ್ನೆಯನ್ನು ಬಿಡಿಸಿ ಹಲವಾಗಿ ಮಾಡಿತು. ಬಹಿರಂಗ ಯುದ್ಧ ಆರಂಭವಾದದ್ದು ಜಾರ್ಜಿಯಾದ ಫಿರಂಗಿ ದಾಳಿಯಿಂದ, ಆ ದಾಳಿಗೆ ಅಂತರರಾಷ್ಟ್ರೀಯ ಕಾನೂನಿನ ಸಮರ್ಥನೆಯಿಲ್ಲ ಎಂದಿತು. ರಷ್ಯಾದ ಸೇನೆ ಅದಕ್ಕೆ ಮೊದಲೇ ದೊಡ್ಡ ಪ್ರಮಾಣದಲ್ಲಿ ನುಗ್ಗಿತ್ತೆಂಬ ಜಾರ್ಜಿಯಾದ ವಾದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದಿತು. ಆದರೆ ತನ್ನ ಶಾಂತಿಪಾಲಕರನ್ನು ಉಳಿಸಿಕೊಳ್ಳುವ ಮಿತಿಯನ್ನು ರಷ್ಯಾ ಬಹಳವಾಗಿ ಮೀರಿತು, ಪಾಸ್‌ಪೋರ್ಟ್ ಹಂಚಿದ್ದೂ ಕಾನೂನುಬಾಹಿರ, ಜಾರ್ಜಿಯನ್ನರು ನರಮೇಧ ನಡೆಸಿದರೆಂಬ ಆರೋಪಕ್ಕೆ ಆಧಾರವಿಲ್ಲ ಎಂದೂ ಹೇಳಿತು. ಎರಡು ಸಾವಿರ ನಾಗರಿಕರು ಹತರಾದರೆಂದು ಮೊದಲು ಸಾರಿದ್ದ ರಷ್ಯಾದ ಅಧಿಕಾರಿಗಳೇ ಆ ಸಂಖ್ಯೆಯನ್ನು 162ಕ್ಕೆ ಇಳಿಸಿದ್ದರು.

ವರದಿ ಬಂದ ದಿನವೇ ಎರಡೂ ಪಕ್ಷಗಳು ತಾವೇ ಗೆದ್ದೆವೆಂದವು. ಒಬ್ಬರು ಮೊದಲ ಪುಟ ಓದಿದರು, ಇನ್ನೊಬ್ಬರು ಉಳಿದ ಪುಟಗಳನ್ನು. ಆ ವಾದ ಇಂದಿಗೂ ಮುಗಿದಿಲ್ಲ. ಜಾರ್ಜಿಯಾದೊಳಗೇ, 2024ರ ಸೆಪ್ಟೆಂಬರಿನಲ್ಲಿ, ಆಳುವ ಪಕ್ಷದ ಸ್ಥಾಪಕ ಬಿದ್ಜಿನಾ ಇವಾನಿಶ್ವಿಲಿ ಒಸ್ಸೆಟಿಯನ್ನರ ಕ್ಷಮೆ ಕೇಳಬೇಕೆಂಬ ಮಾತಾಡಿದಾಗ ದೇಶ ಇಬ್ಭಾಗವಾಗಿ ಕೂಗಾಡಿತು. ಅವರು ಆ ಮಾತಾಡಿದ್ದು ರಷ್ಯಾದ ಬಾಂಬು ಬಿದ್ದಿದ್ದ ಗೋರಿಯಲ್ಲಿಯೇ.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿದ ಮೇಲೆ ಇದೇ ವಾದ ನಮ್ಮ ಬಂಧುಗಳ ಹಬ್ಬದೂಟದ ಪಂಕ್ತಿಗೂ ಬಂದಿತು. ಒಬ್ಬರು ನ್ಯಾಟೋ ಕೆಣಕಿತೆಂದರೆ, ಮತ್ತೊಬ್ಬರು ಪುಟಿನ್ನರ ದುರಾಸೆಯೆಂದರು. ಹಿರಿಯರೊಬ್ಬರು, "ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ" ಎಂದು ತೀರ್ಪು ಕೊಟ್ಟರು. ಈ ಗಾದೆಯನ್ನು ನಾನೂ ಎಷ್ಟೋ ಸಲ ಬಳಸಿದ್ದೇನೆ. ಇಬ್ಬರು ಹುಡುಗರು ಜಗಳವಾಡಿದರೆ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿ ಕೈತೊಳೆದುಕೊಂಡಿದ್ದೇನೆ. ಅದು ನ್ಯಾಯವಲ್ಲ, ವಿಚಾರಣೆಯ ಶ್ರಮ ತಪ್ಪಿಸಿಕೊಳ್ಳುವ ಉಪಾಯ. ಕೆಣಕಿದವರ ತಪ್ಪು, ಹೊಡೆದವರ ತಪ್ಪು, ಬಿದ್ದವರನ್ನು ಮತ್ತೆ ತುಳಿದವರ ತಪ್ಪು ಬೇರೆ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಾಗದು. ಮೂಲ ಕಾರಣವು ಯುದ್ಧ ಹೇಗೆ ಬಂತೆಂದು ತಿಳಿಸುತ್ತದೆ, ಅದನ್ನು ಸಮರ್ಥಿಸುವುದಿಲ್ಲ. ಹಾಗೆಯೇ ಒಂದು ಯುದ್ಧದ ಉತ್ತರವನ್ನು ಮತ್ತೊಂದಕ್ಕೆ ನಕಲು ಮಾಡಬಾರದು. 2008ರಲ್ಲಿ ದೊಡ್ಡ ದಾಳಿ ಯಾರದೆಂದು ಆಯೋಗ ಹುಡುಕಬೇಕಾಯಿತು. 2022ರಲ್ಲಿ ಯಾರ ಸೇನೆ ಯಾರ ಗಡಿ ದಾಟಿತೆಂದು ಹುಡುಕಬೇಕಾದ್ದೇನೂ ಇರಲಿಲ್ಲ.

ಆ ಐದು ದಿನಗಳ ಯುದ್ಧದಲ್ಲಿ ಎಲ್ಲ ಕಡೆಯವರೂ ಸೇರಿ ಸುಮಾರು 850 ಮಂದಿ ಸತ್ತರು. ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ತ್ಸ್ಖಿನ್ವಾಲಿಯ ಪಕ್ಕದ ತಮಾರಶೇನಿಯಂತಹ ಜಾರ್ಜಿಯನ್ ಹಳ್ಳಿಗಳನ್ನು ಸುಟ್ಟು ನೆಲಸಮ ಮಾಡಲಾಯಿತು. ಅಲ್ಲಿನವರಿಗೆ ಹಿಂದಿರುಗಲು ಬಿಡದಿರುವುದಕ್ಕೆ ರಷ್ಯಾವೇ ಹೊಣೆಯೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತದ್ದು 2021ರ ಜನವರಿಯಲ್ಲಿ, ಹನ್ನೆರಡು ವರ್ಷಗಳಾದ ಮೇಲೆ. ತೀರ್ಪು ಬಂದರೂ ಹಳ್ಳಿ ಮರಳಿ ಬರಲಿಲ್ಲ. 'ಮೊದಲು ಯಾರು?' ಎಂದು ನಾವು ದನಿಯೇರಿಸಿ ವಾದಿಸುವಾಗ ಆ ಮನೆಗಳವರು ನಮ್ಮ ನೆನಪಿಗೇ ಬರುವುದಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಎಲ್ಲಿರುವಳೋ, ಇದನ್ನು ಓದುವಳೋ ಇಲ್ಲವೋ ತಿಳಿಯದು. ಓದಿದರೆ, ಮಗಳೇ, ಅಂದು ನಾನು ಹೇಳಿದ್ದು ಅರ್ಧ ಉತ್ತರ; ಪೂರ್ಣ ಅಂಕ ಕೊಡಬೇಡ.