ತಂತಿ ಹಾದುಹೋದ ಸೀಮೆ

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಶುರುಮಾಡಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಪಕ್ಕದ ಮಳವಳ್ಳಿಯ ಮನೆಗಳಿಗಾಗಲಿ, ಮೈಸೂರಿನ ಬೀದಿಗಳಿಗಾಗಲಿ ಹೋಗಲಿಲ್ಲ. 92 ಮೈಲಿ ತಂತಿಯ ಮೇಲೆ ಸಾಗಿ ನೇರ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಇದಕ್ಕೂ ಜಾಗವಿತ್ತು. ನೂರು ವರ್ಷ ಕಳೆದ ಮೇಲೆ, 2010ರ ಹೊತ್ತಿಗೆ, ಅದೇ ಸೀಮೆಯ ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್‌ನ ಸೌರ ವಿದ್ಯುತ್ ಸ್ಥಾವರವನ್ನು ನಿಲ್ಲಿಸಿತು. ರೈಲು, ವಿದ್ಯುತ್ತು, ದೂರವಾಣಿ, ಇಂಟರ್‌ನೆಟ್ ಎಲ್ಲವೂ ಸರ್ಕಾರದ ಹಣ ಮತ್ತು ಸಂಕಲ್ಪದಿಂದಲೇ ಇಲ್ಲಿಗೆ ಬಂದವು. ಹಾಗಿದ್ದೂ ಕೆ.ಜಿ.ಎಫ್ ಮತ್ತು ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳ ಬದುಕು ಗಟ್ಟಿಯಾಗಲಿಲ್ಲ. ನೆರವು ಕಡಿಮೆಯಾದದ್ದು ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ನೆರವು ಬಂದಾಗಲೆಲ್ಲ ಒಬ್ಬ ದೊಡ್ಡ ಗಿರಾಕಿಯ ಬಾಗಿಲಿಗೆ ಹೋಗಿ ನಿಂತಿತು. ಮಾರ್ಗದ ಅಕ್ಕಪಕ್ಕದ ಊರುಗಳಿಗೆ ಎಷ್ಟು ಸಿಗಬೇಕು, ತುದಿಯಲ್ಲಿ ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಯೋಜನೆಯ ಒಳಗೇ ಬರೆಯಲಿಲ್ಲ. ಈ ಸೀಮೆಯ ಚರಿತ್ರೆಯಿಂದ ಇಂದಿನ ಯೋಜನೆಗಳು ಕಲಿಯಬೇಕಾದ ಪಾಠ ಇದೇ.

ರೈಲಿನಿಂದಲೇ ಆರಂಭಿಸಬಹುದು. ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರಲ್ಲಿ ತೆರೆದಾಗ ಅದರ ಮೇಲೆ ಬೆಳೆದ ನಿಲ್ದಾಣದ ಊರಿಗೆ ಮೈಸೂರಿನ ಕಮಿಷನರ್ ಎಲ್.ಬಿ. ಬೌರಿಂಗ್ ಅವರ ಹೆಸರು ಬಂತು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1870ರ ದಶಕದಲ್ಲಿ ಮೈಕೆಲ್ ಲಾವೆಲ್ ಗಣಿಗಾರಿಕೆಯ ಪರವಾನಗಿ ಪಡೆದರು, 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ನೆಲೆಯೂರಿತು. ಗಣಿಗಳು ಫಲ ಕೊಡತೊಡಗಿದ ಕೂಡಲೇ, 1894ರಲ್ಲಿ, ಬೌರಿಂಗ್‌ಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಬ್ರಾಡ್‌ಗೇಜ್ ಹಳಿ ಬಂತು. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ರೈಲು ಬರಲು 1910ರ ದಶಕದವರೆಗೆ ಕಾಯಬೇಕಾಯಿತು, ಬಂದದ್ದೂ ನ್ಯಾರೋಗೇಜ್. ಬಂಗಾರಪೇಟೆಯಿಂದ ಕೋಲಾರದ ಮೂಲಕ ಚಿಕ್ಕಬಳ್ಳಾಪುರದವರೆಗಿನ ಹಾದಿ ಪೂರ್ತಿ ಬ್ರಾಡ್‌ಗೇಜ್ ಆಗಿದ್ದು 2013ರಲ್ಲಿ, ಗಣಿ ಮುಚ್ಚಿ ಹನ್ನೆರಡು ವರ್ಷವಾದ ಮೇಲೆ. ರೇಷ್ಮೆ, ಹಾಲು, ತರಕಾರಿ, ಮಾವು ಬೆಳೆಯುವ ಊರುಗಳು ಒಂದು ಶತಮಾನ ಕಾದವು. ಹಳಿಯ ಅಗಲವೇ ಅಂದಿನ ಆದ್ಯತೆಯ ಅಳತೆ ಕೊಡುತ್ತದೆ.

ವಿದ್ಯುತ್ತಿನ ಕಥೆ ಇದಕ್ಕಿಂತ ದೊಡ್ಡದು. ಗಣಿಗಳ ಉಗಿಯಂತ್ರಗಳು ಕಲ್ಲಿದ್ದಲನ್ನೂ ಸುತ್ತಲ ಕಾಡಿನ ಸೌದೆಯನ್ನೂ ನುಂಗುತ್ತಿದ್ದವು. ಆಳ ಹೆಚ್ಚಿದಂತೆ ಅದಿರು ಎತ್ತುವ, ನೀರು ಹೊರಹಾಕುವ ಖರ್ಚು ಏರುತ್ತಿತ್ತು. ಮೈಸೂರು ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಎ. ಜೋಲಿ ಡಿ ಲಾಟ್‌ಬಿನಿಯರ್ ಕಾವೇರಿ ಧುಮ್ಮಿಕ್ಕುವ ಕಡೆ ವಿದ್ಯುತ್ ತಯಾರಿಸಿ ಗಣಿಗೆ ಕಳಿಸುವ ಯೋಜನೆ ರೂಪಿಸಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದಕ್ಕೆ ಸಂಸ್ಥಾನದ ಬೊಕ್ಕಸ ತೆರೆದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು ಮತ್ತು ಎಷರ್ ವಿಸ್ ಕಂಪನಿಯ ಟರ್ಬೈನ್‌ಗಳು ಮದ್ದೂರು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಕಾಡುದಾರಿಯಲ್ಲಿ ಶಿವನಸಮುದ್ರ ಸೇರಿದವು. ತಲಾ 720 ಕಿಲೋವ್ಯಾಟ್‌ನ ಆರು ಜನರೇಟರ್‌ಗಳು, 35,000 ವೋಲ್ಟ್‌ನ ಮಾರ್ಗ: ಇಷ್ಟು ಅದರ ಮೊದಲ ಹಂತ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡದ್ದರಿಂದ ತಂತಿಯಲ್ಲಿ ವಿದ್ಯುತ್ ಹರಿದದ್ದನ್ನು ಅವರು ಕಾಣಲಿಲ್ಲ. ನೀರಿನ ಶಕ್ತಿಯಿಂದ ಸೌದೆ ಮತ್ತು ಕಲ್ಲಿದ್ದಲಿನ ಬೆಂಕಿಯನ್ನು ತಗ್ಗಿಸಿದ ಈ ಕೆಲಸವನ್ನು ಇಂದಿನ ಮಾತಿನಲ್ಲಿ ಶುದ್ಧ ಇಂಧನಕ್ಕೆ ಸರ್ಕಾರ ಕೊಟ್ಟ ನೆರವು ಎಂದೇ ಕರೆಯಬೇಕು. ಇದರ ಸಾಧನೆಯನ್ನು ಕಿರಿದುಮಾಡುವ ಉದ್ದೇಶ ಈ ಲೇಖನಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದೊಡ್ಡ ಗಿರಾಕಿ ಇಲ್ಲದೆ ಇಂಥ ಮಾರ್ಗ ಹುಟ್ಟುತ್ತಲೇ ಇರಲಿಲ್ಲ. ಗಣಿ ಕಂಪನಿಗಳು ದೀರ್ಘಾವಧಿಗೆ ವಿದ್ಯುತ್ ಕೊಳ್ಳಲು ಒಪ್ಪಿದ್ದರಿಂದಲೇ ಸಂಸ್ಥಾನ ಅಷ್ಟು ಬಂಡವಾಳ ಹೂಡಲು ಸಾಧ್ಯವಾಯಿತು ಎಂಬುದು ಆ ಮಾತು. ಇದು ನಿಜ. ಮುಂದಿನ ಫಲಗಳೂ ಅದರಿಂದಲೇ ಬಂದವು: 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು, ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗಲೂ ಗಣಿಗಳಿಗೆ ತಡೆಯಿಲ್ಲದೆ ವಿದ್ಯುತ್ ಕೊಡಬೇಕೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣವಾಯಿತು. ಆದರೆ ಮೊದಲ ಗಿರಾಕಿ ಬೇಕು ಎನ್ನುವುದು ಒಂದು, ಕೊನೆಯ ಗಿರಾಕಿಯೂ ಅವನೇ ಆಗಿರಲಿ ಎನ್ನುವುದು ಇನ್ನೊಂದು. ಬೆಂಗಳೂರಿನ ಬೀದಿ ಬೆಳಗಲು ಮೂರೇ ವರ್ಷ ಹಿಡಿಯಿತು. ಹಳ್ಳಿಗಳ ವಿದ್ಯುದೀಕರಣಕ್ಕೆಂದೇ ಕೇಂದ್ರದಲ್ಲಿ ಒಂದು ಸಂಸ್ಥೆ, ಗ್ರಾಮೀಣ ವಿದ್ಯುದೀಕರಣ ನಿಗಮ, ಹುಟ್ಟುವ ಹೊತ್ತಿಗೆ 1969 ಆಗಿತ್ತು. ಪ್ರತಿ ಮನೆಗೂ ಸಂಪರ್ಕ ಕೊಡುವ ಸೌಭಾಗ್ಯ ಯೋಜನೆ ಬಂದದ್ದು 2017ರಲ್ಲಿ. ಶಿವನಸಮುದ್ರದ ಲಾಭದಲ್ಲಿ ಇಂತಿಷ್ಟು ಮಾರ್ಗದ ಹಳ್ಳಿಗಳಿಗೆ ಎಂದು ಮೊದಲೇ ಬರೆದಿಟ್ಟಿದ್ದರೆ ಈ ಅಂತರ ಇಷ್ಟು ಹಿಗ್ಗುತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ ಒಡೆತನ ಬದಲಾಯಿತು, ವ್ಯವಸ್ಥೆಯ ಸ್ವರೂಪ ಬದಲಾಗಲಿಲ್ಲ. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರಚನೆಯಾಯಿತು. 1964ರಲ್ಲಿ ಹುಟ್ಟಿದ ಬೆಮೆಲ್ ಕೆ.ಜಿ.ಎಫ್‌ನಲ್ಲಿ ಕಾರ್ಖಾನೆ ತೆರೆದು ಎರಡನೆಯ ಆಸರೆಯಾಯಿತು. ಆದರೂ ಊರಿನ ನೀರು, ಆಸ್ಪತ್ರೆ, ಶಾಲೆ, ವ್ಯಾಪಾರ ಎಲ್ಲಕ್ಕೂ ಗಣಿಯೇ ಬುಡ. ಅದಿರಿನಲ್ಲಿ ಚಿನ್ನ ಕುಗ್ಗಿ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಿಂದ ನೀರೆತ್ತುವವರಿಲ್ಲದೆ ಸುರಂಗಗಳು ತುಂಬಿಕೊಂಡವು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಊರಿನಲ್ಲಿ ಹಳಿ, ತಂತಿ, ರಸ್ತೆ ಎಲ್ಲವೂ ಇದ್ದವು. ಅವುಗಳನ್ನು ಹಿಡಿದು ಬದುಕಲು ಇನ್ನೊಂದು ಕಸುಬು ಇರಲಿಲ್ಲ. ಅಂದಿನಿಂದ ಮಾರಿಕುಪ್ಪಂ ಕಡೆಯಿಂದ ಬೆಳಗಿನ ಜಾವ ಹೊರಡುವ ರೈಲುಗಳು ಸಾವಿರಾರು ಜನರನ್ನು ಬೆಂಗಳೂರಿನ ದುಡಿಮೆಗೆ ಕರೆದೊಯ್ದು ರಾತ್ರಿ ವಾಪಸು ತರುತ್ತಿವೆ. ಅದಿರಿಗೆಂದು ಹಾಕಿದ ಹಳಿ ಜನರನ್ನು ಉಳಿಸಿತೆಂಬುದು ಸಮಾಧಾನದ ಮಾತು. ಆದರೆ ದಿನದ ನಾಲ್ಕೈದು ತಾಸು ರೈಲಿನಲ್ಲೇ ಕಳೆಯುವ ಬದುಕನ್ನು ಪ್ರಾದೇಶಿಕ ಅಭಿವೃದ್ಧಿ ಎಂದು ಲೆಕ್ಕಕ್ಕೆ ಬರೆದುಕೊಳ್ಳುವುದು ಆ ಜನರಿಗೆ ಮಾಡುವ ಅನ್ಯಾಯ.

ಸಂಪರ್ಕದ ಇನ್ನೊಂದು ಎಳೆ ಮಾತಿನದು. ಗ್ರಾಮೀಣ ಭಾರತಕ್ಕೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನ್‌ಗಳ ಸಣ್ಣ ದೂರವಾಣಿ ವಿನಿಮಯ ಕೇಂದ್ರ ಮೊದಲು ಕೆಲಸ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈಯಲ್ಲಿ. ಹವಾನಿಯಂತ್ರಣವಿಲ್ಲದೆ, ಧೂಳು ಮತ್ತು ಸೆಕೆ ತಡೆದು ಹಳ್ಳಿಯ ಕೋಣೆಯಲ್ಲಿ ನಡೆಯಬೇಕೆಂಬ ಷರತ್ತನ್ನು ವಿನ್ಯಾಸದಲ್ಲೇ ಇಟ್ಟಿದ್ದರಿಂದ ಅದು ಗೆದ್ದಿತು. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿ, ಮುಂದೆ ಅದು ಭಾರತ್‌ನೆಟ್ ಆಯಿತು. ಕಿತ್ತೂರಿನ ಎಚ್ಚರ ಇದರಲ್ಲಿ ಇರಲಿಲ್ಲ. ಕೇಬಲ್ ಒಂದೇ ಗೆರೆಯಾಗಿ ಹೋದ ಕಡೆ ರಸ್ತೆ ಅಗಲ ಮಾಡುವ ಜೆಸಿಬಿಯ ಒಂದು ಏಟಿಗೆ ಅದರಾಚೆಯ ಪಂಚಾಯಿತಿಗಳೆಲ್ಲ ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತವೆ. 2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಡುವಾಗ, ಗೆರೆಯ ಬದಲು ಬಳೆಯಾಕಾರದ ಜಾಲ ಮತ್ತು ಹತ್ತು ವರ್ಷಗಳ ನಿರ್ವಹಣೆಯನ್ನು ಸೇರಿಸಲಾಯಿತು. ಹಾಕುವ ಖರ್ಚಿಗಿಂತ ಕಾಯುವ ಖರ್ಚು ಮುಖ್ಯ ಎಂಬ ಅರಿವು ಹನ್ನೆರಡು ವರ್ಷ ತಡವಾಗಿ ಬಂತು.

ಮೊಬೈಲ್ ಫೋನು ಎಲ್ಲರ ಕೈಯಲ್ಲಿರುವಾಗ ಪಂಚಾಯಿತಿಗೆ ಫೈಬರ್ ಏಕೆ ಎಂದು ಕೇಳುವವರಿದ್ದಾರೆ. ಮೊಬೈಲ್ ಕಂಪನಿ ಗೋಪುರ ನಿಲ್ಲಿಸುವುದು ಗಿರಾಕಿ ದಟ್ಟವಾಗಿರುವ ಕಡೆ. ಆಂಧ್ರ, ತಮಿಳುನಾಡು ಗಡಿಗೆ ಒತ್ತಿಕೊಂಡ ಕಾಮಸಮುದ್ರದಂಥ ಹೋಬಳಿಯ ಕಾಡಂಚಿನ ಊರು ಅದರ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ, ಪಡಿತರ ಎಲ್ಲವೂ ಇಂದು ಆನ್‌ಲೈನ್. 2000ದ ಸುಮಾರಿಗೆ ಭೂಮಿ ಯೋಜನೆ ಪಹಣಿಯನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು. ಬಾಪೂಜಿ ಸೇವಾ ಕೇಂದ್ರ ಮತ್ತು ಗ್ರಾಮ ಒನ್ ಅಂಥ ಸೇವೆಗಳನ್ನು ಹಳ್ಳಿಗೆ ಇಳಿಸಿದವು. ಸರ್ವರ್ ಇಲ್ಲ ಎಂಬ ಎರಡು ಪದ ಕೇಳಿ ವಾಪಸು ನಡೆಯುವ ಕೂಲಿಕಾರ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾನೆ. ಸರ್ಕಾರ ತನ್ನ ಸೇವೆಯನ್ನು ತಂತಿಯ ಮೇಲೆ ಹಾಕಿದ ಮೇಲೆ ಆ ತಂತಿಯನ್ನು ಕಾಯುವ ಹೊಣೆಯೂ ಸರ್ಕಾರದ್ದೇ.

ಈ ಹಿನ್ನೆಲೆಯಲ್ಲಿ ಯಳೇಸಂದ್ರವನ್ನು ಹತ್ತಿರದಿಂದ ನೋಡಬೇಕು. ಅರುಣೋದಯ ಯೋಜನೆಯಡಿ ನಿಂತ ಈ ಸ್ಥಾವರದಲ್ಲಿ 13 ಸಾವಿರಕ್ಕೂ ಹೆಚ್ಚು ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ವಾಲಿ ನಿಂತಿವೆ. ತಲಾ 250 ಕಿಲೋವ್ಯಾಟ್‌ನ ಹನ್ನೆರಡು ಇನ್ವರ್ಟರ್‌ಗಳು ಅವುಗಳ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದಿಸುತ್ತವೆ. ಸುತ್ತಲ ಹಳ್ಳಿಗಳ ನೀರಾವರಿ ಪಂಪ್‌ಸೆಟ್‌ಗಳಿಗೆ ಒದಗುವ 11 ಕೆ.ವಿ. ಮಾರ್ಗಕ್ಕೆ ಅದು ಸೇರುತ್ತದೆ. ಶಿವನಸಮುದ್ರದ ಮೊದಲ ಹಂತ 4,320 ಕಿಲೋವ್ಯಾಟ್, ಇದು 3,000 ಕಿಲೋವ್ಯಾಟ್. ಹಗಲಿಗಷ್ಟೇ ದುಡಿಯುವ ಬಿಸಿಲನ್ನು ಹೊತ್ತುಗೊತ್ತಿಲ್ಲದೆ ದುಡಿಯುವ ಹೊಳೆಗೆ ಸಮ ಮಾಡಲಾಗದು. ಆದರೂ ಒಂದು ಕಾಲಕ್ಕೆ 92 ಮೈಲಿ ದೂರದಿಂದ ತರಬೇಕಾಗಿದ್ದ ಪ್ರಮಾಣದ ಶಕ್ತಿ ಈಗ ಬಳಸುವ ಹೊಲದ ಪಕ್ಕದಲ್ಲೇ ಹುಟ್ಟುತ್ತಿದೆ. 1902ರಲ್ಲಿ ಒಬ್ಬನೇ ಗಿರಾಕಿಯನ್ನು ನಂಬಲು ದೂರ ಒಂದು ಕಾರಣವಾಗಿತ್ತು. ಆ ಕಾರಣ ಇಂದು ಉಳಿದಿಲ್ಲ. ಮಿತಿಯೂ ಇಲ್ಲೇ ಕಾಣುತ್ತದೆ. ಗ್ರಿಡ್‌ನಲ್ಲಿ ವಿದ್ಯುತ್ ಹೋದರೆ ಇಂಥ ಸ್ಥಾವರದ ಇನ್ವರ್ಟರ್ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಾಯಿಸುವುದು, ಜೋತುಬಿದ್ದ ತಂತಿ ಬಿಗಿಯುವುದು, ಲೈನ್‌ಮನ್‌ಗಳ ಖಾಲಿ ಹುದ್ದೆ ತುಂಬುವುದು, ಇವು ತಡವಾದಷ್ಟೂ ನೆತ್ತಿಯ ಮೇಲಿನ ಬಿಸಿಲು ವ್ಯರ್ಥ.

ಅತಿ ಬಲವಾದ ಆಕ್ಷೇಪ ಅಂತರ್ಜಲದ್ದು. ಕೋಲಾರ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲ ಮಿತಿಮೀರಿ ಬಳಕೆಯಾದ ಪಟ್ಟಿಯಲ್ಲಿವೆ; ಉಚಿತ ವಿದ್ಯುತ್ತೇ ಕೊಳವೆಬಾವಿಗಳನ್ನು ಸಾವಿರ ಅಡಿಗೆ ಇಳಿಸಿತು, ಸೌರ ವಿದ್ಯುತ್ತು ಅದನ್ನು ಇನ್ನೂ ಇಳಿಸುತ್ತದೆ ಎನ್ನುತ್ತಾರೆ. ಈ ಭಯಕ್ಕೆ ಆಧಾರವಿದೆ. ಹತ್ತು ಮೀಟರ್ ಆಳದ ಬಾವಿಯಿಂದ ಒಂದು ಕೊಡ ನೀರೆತ್ತುವ ಶಕ್ತಿಗೆ ಹೋಲಿಸಿದರೆ ಮುನ್ನೂರು ಮೀಟರ್ ಆಳದಿಂದ ಅದೇ ಕೊಡ ಎತ್ತಲು ಮೂವತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ ಈ ಜಿಲ್ಲೆಯಲ್ಲಿ ಕೆರೆಯ ಹೂಳೆತ್ತುವುದು, ರಾಜಕಾಲುವೆ ತೆರವು ಮಾಡುವುದು, ಬಾವಿಯ ನೀರಿನ ಮಟ್ಟ ಮೇಲೆ ತರುವುದು ನೀರಿನ ಕೆಲಸವಷ್ಟೇ ಆಗಿ ಉಳಿಯದೆ ವಿದ್ಯುತ್ ಉಳಿತಾಯದ ಕೆಲಸವೂ ಆಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಸಂಸ್ಕರಣೆ ಇನ್ನೂ ಒಂದು ಹಂತ ಮೇಲೇರಬೇಕೆಂಬ ಜಿಲ್ಲೆಯ ಹೋರಾಟಗಾರರ ಒತ್ತಾಯ ನ್ಯಾಯವಾದದ್ದು. ಸೌರ ನೆರವನ್ನು ತಡೆಯುವುದರಿಂದ ಅಂತರ್ಜಲ ಮೇಲೆ ಬರುವುದಿಲ್ಲ. ಉಳಿಸಿದ ಯೂನಿಟ್‌ಗೆ ರೈತನಿಗೆ ಹಣ ಸಿಗುವಂತೆ, ಹನಿ ನೀರಾವರಿಯ ಜೊತೆಗೇ ಸಂಪರ್ಕ ಕೊಡುವಂತೆ ಷರತ್ತು ಬರೆದರೆ ಪಂಪ್ ನಿಲ್ಲಿಸುವುದಕ್ಕೂ ಒಂದು ಬೆಲೆ ಬರುತ್ತದೆ.

ದೊಡ್ಡ ಸೌರ ಪಾರ್ಕುಗಳೇ ಅಗ್ಗ, ಸಣ್ಣವೇಕೆ ಎಂಬ ಪ್ರಶ್ನೆಗೆ ತುಮಕೂರಿನ ಪಾವಗಡ ಎದುರಿಗಿದೆ. ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭವಾದ ಗುತ್ತಿಗೆ. ಭೂಮಿ ರೈತನ ಹೆಸರಿನಲ್ಲೇ ಉಳಿದದ್ದು ಒಳ್ಳೆಯ ನಡೆ. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರಲಿಲ್ಲ, ಕೆಲಸವೂ ಹೋಯಿತು. ರಾಜ್ಯದ ಒಟ್ಟು ಬೇಡಿಕೆಗೆ ಪಾವಗಡ ಬೇಕು. ಹಳ್ಳಿಯ ಆರ್ಥಿಕತೆಗೆ ಯಳೇಸಂದ್ರದ ಮಾದರಿ ಬೇಕು. ನಿರಂತರ ಜ್ಯೋತಿ ಯೋಜನೆ ಮನೆಗಳ ಫೀಡರನ್ನು ಪಂಪ್‌ಸೆಟ್‌ಗಳ ಫೀಡರಿನಿಂದ ಬೇರ್ಪಡಿಸಿತ್ತು, 2019ರ ಪಿ.ಎಂ. ಕುಸುಮ್ ಯೋಜನೆ ಆ ಕೃಷಿ ಫೀಡರುಗಳಿಗೆ ಸ್ಥಳದಲ್ಲೇ ಸೌರ ವಿದ್ಯುತ್ ಜೋಡಿಸುವ ದಾರಿ ತೆರೆಯಿತು. ಸೂರ್ಯ ಹಗಲಷ್ಟೇ ಇರುತ್ತಾನೆ ಎಂಬ ಕೊರತೆ ಇಲ್ಲಿ ವರವಾಗುತ್ತದೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟ್ ಬಂದಾಗ ಸ್ಟಾರ್ಟರ್ ಒತ್ತಲು ಟಾರ್ಚ್ ಹಿಡಿದು ಹೊಲಕ್ಕೆ ಹೋಗುವ ಕಾಮಸಮುದ್ರದ ಕಾಡಂಚಿನ ರೈತನಿಗೆ ಕತ್ತಲಲ್ಲಿ ಎದುರಾಗುವುದು ಕಾಡಾನೆ. ಹಗಲಿನ ಏಳು ತಾಸು ವಿದ್ಯುತ್ತು ಅವನ ಪಾಲಿಗೆ ಮೊದಲು ಜೀವರಕ್ಷಣೆ, ಆಮೇಲೆ ಪರಿಸರ ರಕ್ಷಣೆ.

ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಈ ಸೀಮೆಯನ್ನು ಹಾದುಹೋಗುತ್ತಿದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಜಿಲ್ಲೆಯ ಯುವಕ ಯುವತಿಯರಿಗೆ ಕೆಲಸ ಕೊಟ್ಟಿವೆ. ಗಣಿಯ ಹಳೆಯ ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಇವೆಲ್ಲ ಬರಲಿ. ಆದರೆ ಎಕ್ಸ್‌ಪ್ರೆಸ್‌ವೇ ಎಂದರೆ ನಡುವೆ ನಿಲ್ಲದೆ ಸಾಗಲು ಕಟ್ಟಿದ ರಸ್ತೆ. ಅದರ ಪಕ್ಕದ ಹಳ್ಳಿಗೆ ಲಾಭವಾಗುವುದು ಇಳಿದಾರಿ ಇದ್ದರೆ, ಶೀತಲಗೃಹ ಇದ್ದರೆ, ಟೊಮೆಟೊ ಬೆಲೆ ಕುಸಿದ ದಿನ ಸರಕನ್ನು ತಡೆದಿಡಲು ವಿದ್ಯುತ್ ಇದ್ದರೆ. ಆದ್ದರಿಂದ ಮುಂದಿನ ಪ್ರತಿ ಯೋಜನೆಯ ಮಂಜೂರಾತಿ ಪತ್ರದಲ್ಲೇ ಮೂರು ಮಾತು ಬರೆದಿರಬೇಕು: ಮಾರ್ಗದ ಊರುಗಳಿಗೆ ಮೀಸಲಾದ ಪಾಲು ಎಷ್ಟು, ಹತ್ತು ವರ್ಷ ಅದನ್ನು ರಿಪೇರಿ ಮಾಡುವ ಹಣ ಮತ್ತು ತರಬೇತಿ ಪಡೆದ ಸ್ಥಳೀಯ ಕೈಗಳು ಯಾವುವು, ಎಷ್ಟು ತಾಸು ವಿದ್ಯುತ್ ಬಂತು, ಎಷ್ಟು ದಿನ ಇಂಟರ್‌ನೆಟ್ ಇತ್ತು ಎಂಬ ಲೆಕ್ಕ ಗ್ರಾಮಸಭೆಯ ಮುಂದೆ ಯಾವಾಗ ಬರುತ್ತದೆ. ಹಣ ಸಾಲದು ಎನ್ನುವ ಉತ್ತರ ಈ ಸೀಮೆಗೆ ಒಪ್ಪುವುದಿಲ್ಲ. ಇದು ತನ್ನ ನೆಲದಿಂದ ಎಂಟುನೂರು ಟನ್ ಚಿನ್ನ ಕೊಟ್ಟ ಸೀಮೆ. ಎತ್ತಿನ ಗಾಡಿಯಲ್ಲಿ ಟರ್ಬೈನ್ ಸಾಗಿಸಿ 92 ಮೈಲಿ ತಂತಿ ಎಳೆದ ಆಡಳಿತದ ಉತ್ತರಾಧಿಕಾರಿಗಳಿಗೆ, ಯಳೇಸಂದ್ರದ ಫಲಕಗಳಿಂದ ಪಕ್ಕದ ಹೊಲದ ಸ್ಟಾರ್ಟರ್‌ವರೆಗಿನ ತಂತಿಯನ್ನು ಬಿಗಿಯಾಗಿ ಇಟ್ಟುಕೊಳ್ಳುವುದು ಆಗದ ಕೆಲಸವೇನಲ್ಲ.