ಎಡಗಾಲಿನ ಲೆಕ್ಕ

ಚೀಕಲಪರ್ವಿ ಎಂದರೆ ಹರಿದಾಸ ಸಾಹಿತ್ಯ ಓದಿದವರಿಗೆ ವಿಜಯದಾಸರ ಊರು. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ನನಗೆ ಅದು ದೊಡ್ಡಪ್ಪನ ಊರು. ನನಗಿಂತ ಎಂಟು ವರ್ಷ ದೊಡ್ಡವನಾದ ದೊಡ್ಡಪ್ಪನ ಮಗ ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವನ ಎಡಗಾಲು ಸೊರಗಿದೆ. ಟ್ರ್ಯಾಕ್ಟರ್ ನಡೆಸುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿ ಕ್ಲಚ್ ತುಳಿಯುತ್ತಾನೆ. ಹೊಲದಲ್ಲಿ ಅಷ್ಟು ಸಾಕು, ಅಲ್ಲಿ ಯಾರಿಗೂ ಅವಸರವಿಲ್ಲ.

ಹೋದ ವರ್ಷ ರಜೆಗೆ ಹೋದಾಗ ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಸರಿಸಿ ಒಂದು ಹಳೆಯ ಕಾರು ತೋರಿಸಿದ. ಎಂಜಿನ್ ಬಿಚ್ಚಿಟ್ಟಿದ್ದ. ಡ್ರ್ಯಾಗ್ ರೇಸಿಗೆ ಸಿದ್ಧ ಮಾಡಬೇಕೆಂದಿದ್ದ.

"ತಮ್ಮಾ, ನೀ ಇತಿಹಾಸ ಓದಾಕತ್ತಿ. ಇದಕ್ಕ ಮ್ಯಾನ್ಯುಯಲ್ ಗೇರ್ ಇಡಲೋ, ಆಟೋಮ್ಯಾಟಿಕ್ ಇಡಲೋ?"

ನಾನು ಯೋಚಿಸದೆ ಹೇಳಿದೆ: "ಅಣ್ಣಾ, ರೇಸ್ ಅಂದಮ್ಯಾಲ ಮ್ಯಾನ್ಯುಯಲ್ಲೇ. ಆಟೋಮ್ಯಾಟಿಕ್ ಓಡ್ಸೋದು ಏನ್ ಓಡ್ಸೋದು?"

ಅವನು ನಕ್ಕು ತಾಡಪತ್ರಿ ಎಳೆದ. ರಾತ್ರಿ ಉಣ್ಣುವಾಗ ನನಗೆ ನನ್ನ ಮಾತು ಕೇಳಿಸಿತು. ಕ್ಲಚ್ ತುಳಿಯುವ ಕಾಲೇ ಸೊರಗಿದವನಿಗೆ ನಾನು ಹೇಳಿದ ಮಾತು ಅದು. ಆ ನಾಚಿಕೆಯಿಂದಲೇ ಗೇರಿನ ಚರಿತ್ರೆ ಓದಲು ಶುರುಮಾಡಿದೆ.

ಡ್ರ್ಯಾಗ್ ರೇಸ್ ಬಲು ಸರಳ. ನೇರ ದಾರಿ, ಎರಡು ಗಾಡಿ, ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಕಾಲು ಮೈಲಿ ಅಮೆರಿಕದಲ್ಲಿ ಕಾರಿಗಿಂತ ಮೊದಲೇ ಇದ್ದ ಅಳತೆ. ಅಷ್ಟು ದೂರವನ್ನು ಒಂದೇ ಉಸಿರಿಗೆ ಓಡುವ ಕುದುರೆ ತಳಿಗೆ ಅಲ್ಲಿ ಕ್ವಾರ್ಟರ್ ಹಾರ್ಸ್ ಎಂದೇ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ವಿಮಾನದ ರನ್‌ವೇಗಳು ಈ ಆಟಕ್ಕೆ ಅಂಗಳವಾದವು. 1950ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟಿಕೆಟ್ ಇಟ್ಟು ಸ್ಪರ್ಧೆ ನಡೆಸಿದರು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ನಮ್ಮ ದೇಶದ ರೇಸಿನ ಕತೆಯೂ ಹೀಗೇ. ಮದ್ರಾಸಿನ ಬಳಿಯ ಶೋಲಾವರಂನಲ್ಲಿ ಯುದ್ಧಕಾಲದ ರನ್‌ವೇಯೇ ದಶಕಗಟ್ಟಲೆ ಮೋಟಾರು ರೇಸಿನ ಕಣವಾಗಿತ್ತು.

ಯುದ್ಧ ಬಿಟ್ಟುಹೋದದ್ದು ರನ್‌ವೇ ಮಾತ್ರವಲ್ಲ. ಜನರಲ್ ಮೋಟರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದಿತು. ಯುದ್ಧದಲ್ಲಿ ಅದು ಅಮೆರಿಕದ ಹಗುರ ಟ್ಯಾಂಕುಗಳ ಒಳಗೆ ದುಡಿಯಿತು. ಸಂಸಾರಸ್ಥರು ಆರಾಮಾಗಿ ಓಡಾಡಲೆಂದು ಮಾಡಿದ ಯಂತ್ರ ಅಷ್ಟು ಗಟ್ಟಿಯಿದೆಯೆಂದು ತಿಳಿದದ್ದೇ ಆಗ. 1953ರಲ್ಲಿ ಶುರುವಾದ ಬಿ ಅಂಡ್ ಎಂ ಎಂಬ ಕಂಪನಿ ಇಂಥ ಗೇರ್‌ಬಾಕ್ಸುಗಳನ್ನು ರೇಸಿಗೆ ಹದಗೊಳಿಸಿ ಹೆಸರು ಮಾಡಿತು.

ಆದರೂ ಮರ್ಯಾದೆ ಇದ್ದದ್ದು ಮ್ಯಾನ್ಯುಯಲ್‌ಗೇ. 1960ರ ದಶಕದಲ್ಲಿ ರಾನಿ ಸಾಕ್ಸ್ ನಾಲ್ಕು ಗೇರಿನ ಕಾರು ಓಡಿಸುವುದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬೀಳುತ್ತಿತ್ತು. ಸುಳಾದಿ ಕೇಳಿದವರಿಗೆ ಇದು ಹೊಸದಲ್ಲ. ಒಂದೇ ರಚನೆಯಲ್ಲಿ ತಾಳ ಬದಲಾಗುತ್ತ ಹೋಗುತ್ತದೆ, ಎಳೆ ಮಾತ್ರ ಹರಿಯಬಾರದು. ಮ್ಯಾನ್ಯುಯಲ್‌ನಲ್ಲಿ ಪ್ರತಿ ಸಲ ಕ್ಲಚ್ ತುಳಿದಾಗ ಎಂಜಿನ್ನಿನ ಶಕ್ತಿ ಗಾಲಿಗೆ ಹೋಗುವುದು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣವನ್ನು ಎಷ್ಟು ಚಿಕ್ಕದು ಮಾಡಬಲ್ಲ ಎನ್ನುವುದೇ ಚಾಲಕನ ವಿದ್ಯೆ.

ಆಟೋಮ್ಯಾಟಿಕ್‌ನಲ್ಲಿ ಆ ವಿರಾಮವೇ ಇಲ್ಲದಂತೆ ಮಾಡಬಹುದು. ಅದರ ಜೊತೆಗಿರುವುದು ಟಾರ್ಕ್ ಕನ್ವರ್ಟರ್. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನ ಮೂಲತಃ ಹಡಗಿನ ಕೆಲಸಕ್ಕೆ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತದೆ. ಒಂದು ಕಡೆಯ ರೆಕ್ಕೆಗಳು ಎಣ್ಣೆಯನ್ನು ತಳ್ಳುತ್ತವೆ, ಎಣ್ಣೆ ಇನ್ನೊಂದು ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಹೊರಡುವಾಗ ಅದು ಎಂಜಿನ್ನಿನ ತಿರುಚುಬಲವನ್ನು ಹೆಚ್ಚಿಸಿ ಕೊಡುತ್ತದೆ, ಟೈರಿಗೂ ಆಕ್ಸಲ್ಲಿಗೂ ಪೆಟ್ಟು ಬೀಳದಂತೆ ನೋಡಿಕೊಳ್ಳುತ್ತದೆ. ಬದಲಿಗೆ ಒಂದಿಷ್ಟು ಶಕ್ತಿಯನ್ನು ಶಾಖ ಮಾಡಿ ಕಳೆಯುತ್ತದೆ, ತೂಕವೂ ಹೆಚ್ಚು. ಮ್ಯಾನ್ಯುಯಲ್ ಹಗುರ, ಸೋರಿಕೆ ಕಡಿಮೆ, ಖರ್ಚೂ ಕಡಿಮೆ. ಆದರೆ ಕ್ಲಚ್ ಒಂದು ಕೂದಲೆಳೆ ಬೇಗ ಬಿಟ್ಟರೆ ಗಾಲಿ ಸುಮ್ಮನೆ ಸುತ್ತುತ್ತದೆ, ತಡವಾಗಿ ಬಿಟ್ಟರೆ ಪಕ್ಕದವನು ಮುಂದೆ.

ಸಾಮಾನ್ಯರು ಆಡುವ ಬ್ರ್ಯಾಕೆಟ್ ರೇಸಿನಲ್ಲಿ ಲೆಕ್ಕ ಇನ್ನೂ ಬೇರೆ. ಅಲ್ಲಿ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆಂದು ಚಾಲಕ ಮೊದಲೇ ಹೇಳಬೇಕು. ನಿಧಾನದ ಕಾರಿಗೆ ಮೊದಲು ಬಿಡುತ್ತಾರೆ. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೂ ಸೋಲಬಹುದು. ಅಲ್ಲಿ ಬೇಕಾದದ್ದು ಸಾಹಸವಲ್ಲ, ಹತ್ತು ಸಲ ಓಡಿದರೆ ಹತ್ತು ಸಲವೂ ಒಂದೇ ಸಮಯ. ಅದಕ್ಕೇ ಷೆವ್ರಲೆಯ ಪವರ್‌ಗ್ಲೈಡ್ ಎಂಬ ಬರೀ ಎರಡು ಗೇರಿನ ಆಟೋಮ್ಯಾಟಿಕ್ ಇಂದಿಗೂ ಡ್ರ್ಯಾಗ್ ಕಣದಲ್ಲಿ ಜೀವಂತವಾಗಿದೆ. 1950ರಲ್ಲಿ ಬಂದು 1973ರಲ್ಲಿ ರಸ್ತೆಯ ಕಾರುಗಳಿಂದ ಮರೆಯಾದ ಪೆಟ್ಟಿಗೆ ಅದು.

ಓದುತ್ತ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು 1970ರ ಮಾರ್ಚ್ 8. ಲಾಂಗ್ ಬೀಚಿನ ಲಯನ್ಸ್ ಕಣದಲ್ಲಿ ಡಾನ್ ಗಾರ್ಲಿಟ್ಸ್ ಹೊರಟ ಕ್ಷಣದಲ್ಲೇ ಎರಡು ಗೇರಿನ ಪೆಟ್ಟಿಗೆ ಸಿಡಿದು ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಆಗಿನ ಡ್ರ್ಯಾಗ್‌ಸ್ಟರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ. ಗೇರಿನ ಪೆಟ್ಟಿಗೆ ಅವನ ಕಾಲುಗಳ ನಡುವೆಯೇ ಇರುತ್ತಿತ್ತು. ಗಾರ್ಲಿಟ್ಸ್ ಆಟ ಬಿಡಲಿಲ್ಲ. ಎಂಜಿನ್ನನ್ನು ಚಾಲಕನ ಹಿಂದಿಟ್ಟು ಹೊಸ ಕಾರು ಕಟ್ಟಿ, 1971ರಲ್ಲಿ ಪೊಮೊನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿ ಹಿಡಿದರು. ಒಬ್ಬ ಮನುಷ್ಯನ ಪಾದದ ಸುತ್ತ ಒಂದು ಯಂತ್ರದ ಆಕಾರವೇ ತಿರುಗಿತು.

ಈಗ ಟಾಪ್ ಫ್ಯುಯಲ್ ಎಂಬ ಅತ್ಯಂತ ವೇಗದ ವಿಭಾಗದಲ್ಲಿ ನನ್ನ ಅಣ್ಣನ ಪ್ರಶ್ನೆಯೇ ಇಲ್ಲ. ಆ ಕಾರುಗಳು ಓಟದ ನಡುವೆ ಗೇರು ಬದಲಿಸುವುದಿಲ್ಲ. ಮೊದಲೇ ಹೊಂದಿಸಿಟ್ಟ ಕ್ಲಚ್ ಹಂತಹಂತವಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಕಡೆ ಬೈಕುಗಳ ಡ್ರ್ಯಾಗಿನಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ರೇಸ್ ಬೈಕುಗಳ ಕ್ವಿಕ್‌ಶಿಫ್ಟರ್ ಒಂದು ಕ್ಷಣ ಎಂಜಿನ್ನಿನ ಕಿಡಿ ತಡೆದು, ಕ್ಲಚ್ ಮುಟ್ಟದೆಯೇ ಗೇರು ಬೀಳುವಂತೆ ಮಾಡುತ್ತದೆ. ಇದನ್ನು ಮ್ಯಾನ್ಯುಯಲ್ ಅನ್ನಬೇಕೋ, ಆಟೋಮ್ಯಾಟಿಕ್ ಅನ್ನಬೇಕೋ? ನಾನು ಅಷ್ಟು ಗಟ್ಟಿಯಾಗಿ ಎಳೆದಿದ್ದ ಗೆರೆ ಮಸುಕಾಯಿತು.

ಮುಂದಿನ ಸಲ ಅಣ್ಣನಿಗೆ ಇದೆಲ್ಲ ಹೇಳಿದೆ. ನಮ್ಮಲ್ಲಿ 2014ರಿಂದ ಅಗ್ಗದ ಕಾರುಗಳಿಗೂ ಬಂದ ಎಎಂಟಿ ಬೇಡ ಎಂದೆ. ಅದು ಮ್ಯಾನ್ಯುಯಲ್ ಪೆಟ್ಟಿಗೆಯೇ, ಕ್ಲಚ್ ಒತ್ತಲು ಮೋಟಾರು ಕೂಡಿಸಿದ್ದಾರೆ, ಗೇರು ಬದಲಿಸುವಾಗ ತಡೆಯುತ್ತದೆ. ಟಾರ್ಕ್ ಕನ್ವರ್ಟರಿನದು ನೋಡು, ಇಲ್ಲವೇ ಬೆಸ ಗೇರಿಗೊಂದು ಸಮ ಗೇರಿಗೊಂದು ಎಂದು ಎರಡು ಕ್ಲಚ್ ಇರುವ ಡಿಸಿಟಿ ನೋಡು ಎಂದೆ. ಓಡಿಸುವುದಾದರೆ ಲೈಸೆನ್ಸ್ ಮಾಡಿಸಿ ಕಣದಲ್ಲೇ, ಮಾನ್ವಿ ರಸ್ತೆಯಲ್ಲಲ್ಲ ಎಂದೂ ಹೇಳಿದೆ. ಕೊನೆಗೆ ಅಂದೆ: "ಅವತ್ತು ನಾ ಅಂದದ್ದು ತಪ್ಪಾತಣ್ಣ."

ಅವನು ಅದಕ್ಕೆ ಉತ್ತರ ಕೊಡಲಿಲ್ಲ. "ಕಾರಹುಣ್ಣಿಮಿಗೆ ರಾಯಚೂರಾಗ ಕಲ್ಲು ಎಳ್ಯೋದು ನೋಡಿಯಲ್ಲ?" ಎಂದ.

ನೋಡಿದ್ದೇನೆ. ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತಿನ ಜೋಡಿಗಳು ಟನ್ನುಗಟ್ಟಲೆ ತೂಕದ ಕಲ್ಲನ್ನು ಎಳೆಯುತ್ತವೆ. ಎಳೆತದ ಆಟ ನಮಗೇನು ಹೊಸದಲ್ಲ.

"ಜಾಣ ಒಕ್ಕಲಿಗ ಒಮ್ಮೆಗೇ ಬಾರುಕೋಲು ಎತ್ತಂಗಿಲ್ಲ. ಮೊದ್ಲು ಸರಪಳಿ ಬಿಗಿ ಆಗ್ಬೇಕು, ಎರಡೂ ಎತ್ತು ನೊಗಕ್ಕ ಹೆಗಲು ಕೊಡಬೇಕು. ಆಮ್ಯಾಲ ಕಲ್ಲು ತಾನಾಗೇ ಬರ್ತೈತಿ. ನೀ ಹೇಳಿದ ಎಣ್ಣಿ ಅದನ್ನೇ ಮಾಡ್ತೈತಿ."

ನಿಂತ ಕಲ್ಲನ್ನು ಕದಲಿಸುವುದು ಕದಲಿದ ಕಲ್ಲನ್ನು ಎಳೆಯುವುದಕ್ಕಿಂತ ಕಷ್ಟ ಎಂದು ಭೌತಶಾಸ್ತ್ರವೂ ಹೇಳುತ್ತದೆ. ಅವನು ಅದನ್ನು ಎತ್ತಿನ ಹೆಗಲಿನಲ್ಲಿ ನೋಡಿದ್ದ. ನನಗೆ ಅಲ್ಲಿಗೆ ಬರಲು ಒಂದು ವರ್ಷ, ಮೂರು ದೇಶದ ಚರಿತ್ರೆ ಬೇಕಾಯಿತು.

ಈಗ ಶೆಡ್ಡಿನಲ್ಲಿ ಆ ಕಾರಿನ ಪಕ್ಕ ಒಂದು ಆಟೋಮ್ಯಾಟಿಕ್ ಪೆಟ್ಟಿಗೆ ಬಂದು ಕೂತಿದೆ, ಇನ್ನೂ ಜೋಡಿಸಿಲ್ಲ. ಪೆಡಲಿನ ಜಾಗದಲ್ಲಿ ಕ್ಲಚ್ಚಿನದನ್ನು ಬಿಚ್ಚಿ ತೆಗೆದಿದ್ದಾನೆ. ಬ್ರೇಕು, ಆಕ್ಸಿಲರೇಟರು, ಎರಡೇ ಉಳಿದಿವೆ. ಎರಡಕ್ಕೂ ಬಲಗಾಲು ಸಾಕು.