ವಿರಾಟನ ಮನೆಯ ಆರು ಆಳುಗಳು ಮತ್ತು ಇಪ್ಪತ್ತು ಮುಖದ ದಾಳ

ಪಗಡೆ ಎಲ್ಲರಿಗೂ ಗೊತ್ತು, ಚೌಕಾಬಾರವೂ ಗೊತ್ತು. ಆದರೆ ಮನೆಗಳೇ ಇಲ್ಲದ, ಹಣ್ಣಾಗುವ ಕಾಯಿಗಳೇ ಇಲ್ಲದ ದಾಳದಾಟ ಒಂದಿದೆ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಪಾತ್ರಗಳಾಗುತ್ತಾರೆ. "ನಾನು ಕೋಟೆ ಗೋಡೆ ಹತ್ತುತ್ತೇನೆ" ಅಂತ ಒಬ್ಬ ಅಂದನೋ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಗೆ ಆ ಪಾತ್ರದ ಕೌಶಲವನ್ನು ಕೂಡಿಸಿ, ಕತೆಗಾರ ಇಟ್ಟ ಗುರಿ ಮುಟ್ಟಿದರೆ ಹತ್ತಿದ, ಇಲ್ಲವಾದರೆ ಬಿದ್ದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಈ ಜಾತಿಯ ಆಟಗಳ ಮೂಲಪುರುಷ.

ನಾವು ನಾಲ್ಕೈದು ಜನ ಬೆಂಗಳೂರಿನಲ್ಲಿ ವಾರಾಂತ್ಯ ಇದನ್ನು ಆಡುತ್ತೇವೆ. ಕತೆಗಾರನ ಕುರ್ಚಿ ಹೆಚ್ಚಾಗಿ ನನ್ನದು. ಕತ್ತಿ ಕಾಳಗ ನಡೆಸುವುದು ಸುಲಭ, ಅದಕ್ಕೆ ಪುಸ್ತಕದ ತುಂಬ ನಿಯಮಗಳಿವೆ. ಕಷ್ಟ ಇರುವುದು ಕತ್ತಿ ಎತ್ತದೆ ಬುದ್ಧಿ, ಕೈಚಳಕ, ಮಾತುಗಾರಿಕೆಯಿಂದ ಗೆಲ್ಲಬೇಕಾದ ಸವಾಲು ಕಟ್ಟುವುದರಲ್ಲಿ. ಅದರ ಚರಿತ್ರೆ ಕೆದಕುತ್ತ ಹೋದವನು ನಮ್ಮ ತಾಲ್ಲೂಕಿಗೇ ಬಂದು ನಿಂತೆ, ಅದಕ್ಕೇ ಈ ಪೋಸ್ಟ್.

1974ರ ಮೂಲ ಆಟದಲ್ಲಿ ಕೌಶಲಗಳ ಪಟ್ಟಿ ಅಂತ ಇರಲೇ ಇಲ್ಲ. ಇದ್ದದ್ದು ಯೋಧ, ಮಾಂತ್ರಿಕ, ಪುರೋಹಿತ. 1975ರ ಗ್ರೇಹಾಕ್ ಎಂಬ ಪುರವಣಿಯಲ್ಲಿ ಕಳ್ಳ ಬಂದ. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು, ಇವಕ್ಕೆಲ್ಲ ಅವನಿಗೆ ಶೇಕಡಾ ಲೆಕ್ಕದಲ್ಲಿ ಅಂಕ ಸಿಕ್ಕಿತು. ಅಂದರೆ ಆ ಆಟದಲ್ಲಿ ಕೌಶಲಕ್ಕೆ ಲೆಕ್ಕ ಬರೆದದ್ದು ಮೊದಲು ಕಳ್ಳನಿಗೆ. ವೀರನಿಗೆ ಕತ್ತಿ ಸಾಕಿತ್ತು. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

2008ರಲ್ಲಿ ಬಂದ ನಾಲ್ಕನೇ ಆವೃತ್ತಿ "ಸ್ಕಿಲ್ ಚಾಲೆಂಜ್" ಅಂತ ಹೊಸದೊಂದನ್ನು ತಂದಿತು. ಎಲ್ಲರೂ ಸರದಿಯಂತೆ ತಮ್ಮ ತಮ್ಮ ಕೌಶಲದ ಮೇಲೆ ದಾಳ ಹಾಕಬೇಕು. ಇಷ್ಟು ಸೋಲು ಬರುವುದರೊಳಗೆ ಇಷ್ಟು ಗೆಲುವು ಬಂದರೆ ಸವಾಲು ಗೆದ್ದಂತೆ. ಪುಸ್ತಕ ಬಂದ ವರ್ಷವೇ ಲೆಕ್ಕ ಸರಿಯಿಲ್ಲವೆಂದು ತಿದ್ದುಪಡಿ ಹೊರಟಿತು: ಸವಾಲು ಚಿಕ್ಕದಿರಲಿ ದೊಡ್ಡದಿರಲಿ, ಮೂರು ಸೋಲಾದರೆ ಆಟ ಮುಗಿಯಿತು. ಇಂಜಿನಿಯರಿಂಗ್ ಓದಿದ ಚಟ, ನಾನೂ ಲೆಕ್ಕ ಹಾಕಿದೆ. ಒಂದು ಎಸೆತ ಗೆಲ್ಲುವ ಸಾಧ್ಯತೆ 65% ಇದ್ದರೆ, ಮೂರು ಸೋಲಿಗೆ ಮುಂಚೆ ನಾಲ್ಕು ಗೆಲುವು ಪಡೆಯುವ ಸಾಧ್ಯತೆಯೂ ಸುಮಾರು 65%. ಹನ್ನೆರಡು ಗೆಲುವು ಬೇಕೆಂದರೆ ಅದು 8%ಕ್ಕೆ ಕುಸಿಯುತ್ತದೆ! ಆಟಗಾರರ ಜಾಣತನ ಅಷ್ಟೇ ಇದೆ, ದಾಳವೂ ಅದೇ. ಎಸೆತ ಹೆಚ್ಚಾಗಿದ್ದಕ್ಕೇ ಸೋತರು.

ನನ್ನ ತಕರಾರು ಈ ಲೆಕ್ಕದ ಮೇಲಲ್ಲ. ಲೆಕ್ಕ ಸರಿಮಾಡಬಹುದು. ಒಂದು ಎಸೆತಕ್ಕೂ ಮುಂದಿನ ಎಸೆತಕ್ಕೂ ನಡುವೆ ಏನೂ ಬದಲಾಗುವುದಿಲ್ಲವಲ್ಲ, ಅದು ತಕರಾರು. ಚೌಕಾಬಾರದಲ್ಲಿ ನಾಲ್ಕು ಕವಡೆ (ಇಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆ ಬೀಜ) ಹಾಕಿದರೆ ನಾಲ್ಕೂ ಬೋರಲು ಬಿದ್ದು ಎಂಟು ಸಿಗುವುದು ಹದಿನಾರಕ್ಕೊಮ್ಮೆ. ಅದು ಅದೃಷ್ಟ, ಒಪ್ಪಿದೆ. ಆದರೆ ಯಾವ ಕಾಯಿ ನಡೆಸಬೇಕು ಅನ್ನೋದು ನನ್ನ ಕೈಯಲ್ಲಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮವೂ ಇದೆ. ಸುಮ್ಮನೆ ತಪ್ಪಿಸಿಕೊಂಡು ಓಡುವವನನ್ನು ಆಟವೇ ಜಗಳಕ್ಕೆ ಎಳೆಯುತ್ತದೆ. ಪ್ರತಿ ನಡೆಗೂ ಪಟದ ಚಿತ್ರ ಬದಲಾಗುತ್ತದೆ. ಅಜ್ಜಿಯರ ಆಟ ಅಂತ ಹಗುರ ಮಾಡಬೇಡಿ :)

ಈಗ ಹಾನಗಲ್ಲಿಗೆ ಬರೋಣ. ನಮ್ಮೂರು ತಿಳವಳ್ಳಿ ಇರುವುದು ಹಾನಗಲ್ಲ ತಾಲ್ಲೂಕಿನಲ್ಲಿ. ಹಾನಗಲ್ಲ ಅಂದರೆ ಹಳೆಯ ಪಾನುಂಗಲ್ಲು, ಕಲ್ಯಾಣದ ಚಾಲುಕ್ಯರ ಕೈಕೆಳಗೆ ಕದಂಬರು ಆಳಿದ ಊರು. ಅದಕ್ಕೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರೂ ಇದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅಂತ ಜನ ನಂಬುತ್ತಾರೆ, ಅಲ್ಲಿ ಕುಂತಿಯ ಹೆಸರಿನ ದಿಬ್ಬವೂ ಉಂಟು. ಚರಿತ್ರೆಕಾರರು ಮತ್ಸ್ಯದೇಶವನ್ನು ರಾಜಸ್ಥಾನದ ಬೈರಾಟ್ ಕಡೆ ಇಡುತ್ತಾರೆ, ಅವರ ಮಾತೇ ಸರಿ ಇರಬೇಕು. ಆದರೆ ಮಳೆ ಬರದಿದ್ದಾಗ ವಿರಾಟಪರ್ವ ಓದಿಸುವ ನಾಡಿನಲ್ಲಿ ವಿರಾಟನನ್ನು ಅಷ್ಟು ದೂರ ಕಳಿಸುವುದು ಯಾರಿಗೆ ಇಷ್ಟ ಆದೀತು?

ವಿರಾಟಪರ್ವವನ್ನು ಕತೆಗಾರನ ಕುರ್ಚಿಯಿಂದ ಓದಿ ನೋಡಿ. ಹಿಂದಿನ ಸಭಾಪರ್ವದಲ್ಲಿ ಎರಡನೇ ಸಲ ದ್ಯೂತಕ್ಕೆ ಕೂತಾಗ ಒಂದೇ ಒಂದು ಎಸೆತಕ್ಕೆ ಹದಿಮೂರು ವರ್ಷ ಹೋಯಿತು. ಧರ್ಮರಾಯ ಅಲ್ಲಿ ಮಾಡಬಹುದಾದ್ದು ಏನೂ ಇರಲಿಲ್ಲ, ಎದುರಿಗೆ ಶಕುನಿ. ಸವಾಲಾಗಿ ನೋಡಿದರೆ ಅದು ತೀರಾ ಕೆಟ್ಟ ಸವಾಲು. ಹದಿಮೂರನೇ ವರ್ಷದ್ದು ಹಾಗಲ್ಲ. ಷರತ್ತು ಒಂದೇ: ಗುರುತು ಸಿಗಬಾರದು, ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಉಳಿದದ್ದೆಲ್ಲ ಆಡುವವರಿಗೆ ಬಿಟ್ಟದ್ದು.

ಅವರು ಆರಿಸಿಕೊಂಡ ಕೆಲಸ ನೋಡಿ. ಭೀಮ ವಲಲನಾಗಿ ಅಡುಗೆಮನೆಗೆ. ಅರ್ಜುನ ಬೃಹನ್ನಳೆಯಾಗಿ ನಾಟ್ಯ ಕಲಿಸಲಿಕ್ಕೆ. ನಕುಲ ಕುದುರೆ ಲಾಯಕ್ಕೆ, ಸಹದೇವ ದನಗಳ ಹಟ್ಟಿಗೆ. ದ್ರೌಪದಿ ಸೈರಂಧ್ರಿಯಾಗಿ ರಾಣಿಯ ತಲೆ ಬಾಚಲಿಕ್ಕೆ. ಧರ್ಮರಾಯ ಕಂಕನಾಗಿ, ಬೇರೆ ಯಾವುದಕ್ಕೂ ಅಲ್ಲ, ರಾಜನ ಜೊತೆ ದಾಳ ಆಡಲಿಕ್ಕೆ! ತನ್ನನ್ನು ಮುಳುಗಿಸಿದ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ. ಆದರೆ ಅಷ್ಟರಲ್ಲಿ ಅವನು ಬೇರೆ ಆಟಗಾರ. ವನವಾಸದಲ್ಲಿ ಬೃಹದಶ್ವ ಋಷಿ ಅವನಿಗೆ ನಳನ ಕತೆ ಹೇಳಿ ಅಕ್ಷಹೃದಯ, ಅಂದರೆ ದಾಳದ ಗುಟ್ಟು, ಕಲಿಸಿದ್ದ. ಆ ನಳನ ಕತೆಯಲ್ಲಿ ಋತುಪರ್ಣ ರಾಜ ತಾರೆ ಮರದ ಎಲೆ-ಕಾಯಿಗಳ ಲೆಕ್ಕವನ್ನು ನೋಡಿದ ಕೂಡಲೇ ಹೇಳುತ್ತಾನೆ. ಇಯಾನ್ ಹ್ಯಾಕಿಂಗ್ ಸಂಭವನೀಯತೆಯ ಚರಿತ್ರೆ ಬರೆದ 1975ರ ಪುಸ್ತಕದಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡಿದ್ದಾನೆ. ದಾಳವೂ ಕಲಿಯಬಹುದಾದ ವಿದ್ಯೆ ಅಂತ ನಮ್ಮವರಿಗೆ ಅನ್ನಿಸಿತ್ತು.

ಮೇಲೆ ಕಳ್ಳನ ವಿಷಯ ಹೇಳಿದೆನಲ್ಲ. ಇಲ್ಲೂ ಅದೇ. ಗಾಂಡೀವ, ಗದೆ ಇರುವವರೆಗೆ ಯಾರಿಗೂ ಅಡುಗೆ ವಿದ್ಯೆ ಬೇಕಾಗಲಿಲ್ಲ. ಆಯುಧಗಳನ್ನು ಬನ್ನಿ ಮರದ ಮೇಲೆ ಕಟ್ಟಿಟ್ಟ ಮೇಲೆ, ರಾಜರು ಆಳುಗಳಾದ ಮೇಲೆ, ಕೌಶಲ ಬೇಕಾಯಿತು. ಕತೆಗಾರ ಮಾಡಬೇಕಾದ ಮೊದಲ ಕೆಲಸ ಇದೇ ಅಂತ ನನಗನ್ನಿಸುತ್ತದೆ: ಆಟಗಾರನ ಕೈಯಿಂದ ಅವನ ದೊಡ್ಡ ಆಯುಧವನ್ನು ಬಿಡಿಸುವುದು. ಕಿತ್ತುಕೊಳ್ಳುವುದಲ್ಲ, ಅವನೇ ಮರಕ್ಕೆ ಕಟ್ಟಿ ಬರುವಂಥ ಕಾರಣ ಕೊಡುವುದು.

ಎರಡನೆಯದು ಇನ್ನೂ ಸೂಕ್ಷ್ಮ. ಇಲ್ಲಿ ಗೆದ್ದರೂ ಅಪಾಯ. ಕೀಚಕ ದ್ರೌಪದಿಯ ಬೆನ್ನು ಬಿದ್ದಾಗ ಭೀಮ ಸುಮ್ಮನಿದ್ದರೆ ಮಾನ ಹೋಗುತ್ತದೆ, ಎದ್ದರೆ ಗುರುತು ಹೋಗುತ್ತದೆ. ರಾತ್ರಿ ನಾಟ್ಯಶಾಲೆಯಲ್ಲಿ ಕತ್ತಲಲ್ಲಿ ಕೊಂದ, ಗಂಧರ್ವರು ಕೊಂದರು ಅಂತ ಸುದ್ದಿಯಾಯಿತು. ಗೆದ್ದರು ಅಂದುಕೊಂಡರೆ, ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಹೋಗಿ ಸುಶರ್ಮ ವಿರಾಟನ ದನ ಹೊಡೆಯಲು ಬಂದ, ಇನ್ನೊಂದು ದಿಕ್ಕಿನಿಂದ ಕೌರವರು ಬಂದರು. (ದನಕ್ಕಾಗಿ ಯುದ್ಧವೇ ಅಂತ ನಗುವವರು ನಮ್ಮ ಕಡೆಯ ತುರುಗೋಳ್ ವೀರಗಲ್ಲುಗಳನ್ನು ನೋಡಿಬರಬೇಕು.) ಒಂದು ಗೆಲುವು ಮುಂದಿನ ಸವಾಲನ್ನು ಹೆತ್ತಿತು. 2008ರ ಪುಸ್ತಕದಲ್ಲಿ ಇಲ್ಲದ್ದು ಇದು. ಅಲ್ಲಿ ಗೆಲುವು ಅಂದರೆ ಬರೀ ಒಂದು ಗೀಟು.

ಕೊನೆಗೆ ರೂಲ್ಸ್ ಜಗಳ ಕೂಡ ಇದೆ! ಅರ್ಜುನ ಕಾಣಿಸಿಕೊಂಡ ಕೂಡಲೇ ಅವಧಿ ಮುಗಿದಿಲ್ಲ ಅಂತ ದುರ್ಯೋಧನನ ವಾದ. ಐದು ವರ್ಷಕ್ಕೆ ಎರಡು ಅಧಿಕ ಮಾಸ ಸೇರಿಸಿದರೆ ಮುಗಿದಿದೆ ಅಂತ ಭೀಷ್ಮನ ಲೆಕ್ಕ. ನಮ್ಮ ಗುಂಪಿನಲ್ಲೂ ಇಂಥ ದುರ್ಯೋಧನ ಒಬ್ಬನಿದ್ದಾನೆ, ಭೀಷ್ಮ ಇನ್ನೂ ಸಿಕ್ಕಿಲ್ಲ.

ಇದು ಪುರಾಣವಾಯಿತು, ಚರಿತ್ರೆಯಲ್ಲಿ ಏನಿದೆ ಅನ್ನಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಅದರ ಐದು ವಿಂಶತಿಗಳಲ್ಲಿ ಕೊನೆಯ ಎರಡು ವಿನೋದಗಳಿಗೆ ಮತ್ತು ಕ್ರೀಡೆಗಳಿಗೇ ಮೀಸಲು. ಚದುರಂಗ, ದಾಳ, ಕವಡೆಗಳ ಸಾಲಿನಲ್ಲೇ ಒಗಟನ್ನೂ ಕ್ರೀಡೆ ಅಂತ ಸೇರಿಸಿದ್ದಾನೆ. ಕುಸ್ತಿಯ ಭಾಗದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ ಅಂತ ಮೂರು ದರ್ಜೆ ಮಾಡುತ್ತಾನೆ. ಸವಾಲು ಹಾಕುವ ಮುಂಚೆ ಎದುರಿಗಿರುವವನ ಅಳತೆ ತಿಳಿಯಬೇಕು ಅನ್ನುವುದು ಒಂಬೈನೂರು ವರ್ಷದ ಹಿಂದೆಯೇ ನಮ್ಮ ರಾಜನಿಗೆ ಗೊತ್ತಿತ್ತು.

ಪುಸ್ತಕವೇ ಬೇಡ ಅಂದರೆ ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಬನ್ನಿ, ಹೋರಿ ಬೆದರಿಸುವ ಹಬ್ಬಕ್ಕೆ. ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಕೊಬ್ಬರಿ ಕಿತ್ತವ ಗೆದ್ದ, ಕೀಳಿಸಿಕೊಳ್ಳದೆ ದಾಟಿದರೆ ಹೋರಿ ಗೆದ್ದಿತು. ಒಂದು ಕಿತ್ತರೂ ಗೆಲುವೇ, ಐದು ಕಿತ್ತರೆ ದೊಡ್ಡ ಗೆಲುವು. ಹೌದು-ಇಲ್ಲ ಎರಡೇ ಉತ್ತರ ಅಲ್ಲ. ಎಷ್ಟು ಹತ್ತಿರ ಹೋಗುತ್ತೀಯೋ ಅಷ್ಟು ಕೊಬ್ಬರಿ, ಅಷ್ಟೇ ಕೊಂಬು. ಜೀವ ಹೋದದ್ದೂ ಉಂಟು, ಹಾಗಾಗಿ ಇದನ್ನು ಬರೀ ಚಂದದ ಉದಾಹರಣೆ ಅಂತ ಹೇಳಿ ಮುಂದೆ ಹೋಗಲಾರೆ. ನಮ್ಮ ಮೇಜಿನ ಮೇಲೆ ಹೋರಿ ಕಾಗದದ್ದು, ಅದೇ ಒಳ್ಳೆಯದು.

ನಾನೀಗ ಕಟ್ಟುತ್ತಿರುವ ಕತೆ 1196ರದ್ದು. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ ವರ್ಷ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಕಾದಾಡಿ ಸತ್ತ, ಆದರೆ ಆ ಸಲ ಬಲ್ಲಾಳ ಹಿಂದೆ ಸರಿಯಬೇಕಾಯಿತು. ನನ್ನ ಆಟಗಾರರು ಸೋಹಣಿಯ ಜೊತೆ ಇರುವುದಿಲ್ಲ. ಒಬ್ಬಳು ಕೋಟೆಯೊಳಗಿನ ಅಗಸಗಿತ್ತಿ, ಒಬ್ಬ ಗಾಣಿಗ, ಒಬ್ಬ ದನ ಕಾಯುವವ, ಒಬ್ಬ ಲೆಕ್ಕ ಬರೆಯುವ ಸೇನಬೋವ. ಹೊರಗಿನಿಂದ ಹತ್ತು ಚೀಲ ಭತ್ತ ಒಳಗೆ ತರಬೇಕು. ಒಂದೊಂದು ಚೀಲ ಬಂದಾಗಲೂ ಹೊಯ್ಸಳರ ಕಾವಲಿನವರಲ್ಲಿ ಯಾರಿಗೋ ಅವರ ಮುಖದ ಗುರುತು ಹತ್ತುತ್ತದೆ. ಎಷ್ಟು ಚೀಲಕ್ಕೆ ನಿಲ್ಲಿಸಬೇಕು ಅನ್ನುವುದನ್ನು ಅವರೇ ಹೇಳಬೇಕು, ಅದಕ್ಕೆ ದಾಳ ಇಲ್ಲ. ಮುಂದಿನ ಶನಿವಾರ ಮೊದಲ ಆಟ.